ಹಿತ್ತಾಳೆ ಮೂತಿ

ಹನಿ ಬಿತ್ತು — ಕಣ್ಣಿಗಲ್ಲ, ಪುಣ್ಯ, ಹುಬ್ಬಿನ ಪಕ್ಕಕ್ಕೆ, ತುಕ್ಕು ಬೆರೆತ ಸೀಮೆಎಣ್ಣೆಯ ಕೆಂಪು ಹನಿ, ಹಿಂದೆಯೇ ಇನ್ನೊಂದು ತೂಗಾಡುತ್ತಿದೆ, ಬೀಳಲೋ ಬೇಡವೋ ಅಂತ, ನಿನ್ನೆಯಿಂದ ಈ ಪಿನ್ನಿಗೆ ಸೀಮೆಎಣ್ಣೆ ಕುಡಿಸಿದ್ದೇ ಬಂತು, ಕೂದಲೆಳೆಯಷ್ಟೂ ಅಲುಗಿಲ್ಲ, ಹೆಬ್ಬೆರಳು ಗಾತ್ರದ ಕಬ್ಬಿಣಕ್ಕೆ ಎಷ್ಟು ಹಟ ನೋಡು, ಹಿಂದಿನ ಕಮಾನುಪಟ್ಟಿಯ ತುದಿಯನ್ನು ಕಾರಿಗೆ ನೇತುಹಾಕುವ ಪಿನ್ನು ಇದು, ಇದು ಆಡಿದರೆ ಕಮಾನು ಬಗ್ಗುತ್ತೆ, ಕಮಾನು ಬಗ್ಗಿದರೆ ಹಿಂದಿನ ಸೀಟಿನವರಿಗೆ ರಸ್ತೆಯ ಹಳ್ಳ ಗೊತ್ತಾಗೋದಿಲ್ಲ, ಹೀಗೆ ಕಚ್ಚಿಕೊಂಡು ಕೂತರೆ ಇದಕ್ಕಿಂತ ಎತ್ತಿನ ಗಾಡಿಯೇ ಮೇಲು, ಮತ್ತೆ ನಾಳೆ ಬೆಳಿಗ್ಗೆ ಮೈಸೂರಿನಿಂದ ಆ ಸೀಟಿನಲ್ಲಿ ಕೂತು ಬರಬೇಕಾದವಳು ನನ್ನ ಹೆಂಡತಿ ನೀಲಾಂಬಿಕೆ, ಮಡಿಲಲ್ಲಿ ಕೂಸು, ಹೊಟ್ಟೆಯ ಮೇಲೆ ಇನ್ನೂ ಪೂರ್ತಿ ಮಾಗದ ಹೊಲಿಗೆ. ನಿನ್ನೆ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು, ಬಸ್ಸು ಬೇಡ, ಕುಲುಕಾಟ ಕೂಡದು, ಹೊಲಿಗೆ ಬಿಚ್ಚಿದರೆ ಇನ್ನೊಂದು ಸಲ ಉಳಿಸೋಕೆ ನನ್ನ ಕೈಲಿ ಆಗಲ್ಲ ಕಣ್ರೀ, ಮಂಚ ಬೇರೆಯವರಿಗೆ ಬೇಕು, ನಾಡಿದ್ದು ಕರಕೊಂಡು ಹೋಗಿ — ಆಗಲಿ ಅಮ್ಮ ಅಂದುಬಿಟ್ಟೆ, ದೊಡ್ಡ ಮನುಷ್ಯನ ಹಾಗೆ, ಹುಣಸೂರಿನ ಮಿಸ್ತ್ರಿ ಜ್ವರ ಅಂತ ಮಲಗಿದ್ದಾನೆ, ಪಿರಿಯಾಪಟ್ಟಣದಲ್ಲಿರುವ ಒಂದೇ ಒಂದು ಬಾಡಿಗೆ ಕಾರು ಯಾರದೋ ಮದುವೆ ದಿಬ್ಬಣಕ್ಕೆ ಹೋಗಿದೆ, ಹೊಗೆಸೊಪ್ಪು ವ್ಯಾಪಾರ ಮಾಡುವ ನಾನು ಕಂಪಲಾಪುರದ ನನ್ನ ಮನೆಯಂಗಳದಲ್ಲಿ ಕಾರಿನಡಿ ಅಂಗಾತ ಬಿದ್ದಿದ್ದೀನಿ, ಕೊರಳ ಲಿಂಗದ ಕರಡಿಗೆ ಜಾರಿ ಕಂಕುಳಿಗೆ ಸೇರಿದೆ.

ಪಿನ್ನಿನ ತುದಿಯಲ್ಲಿದ್ದ ಹಿತ್ತಾಳೆ ಮೂತಿಯನ್ನು ಬೆಳಿಗ್ಗೆಯೇ ತಿರುಪಿ ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟೆ, ಒಳಗೆ ಗ್ರೀಸು ಹೋಗುವ ಬಾಯಿ ಅದು, ಕಡಲೆಕಾಳಿನಷ್ಟಿದೆ, ಅವಳಿಲ್ಲದೆ ಮಂಕಾಗಿದೆ, ಸೋಮವಾರ ಸೋಮವಾರ ದೇವರ ಪಾತ್ರೆ ಬೆಳಗಿದ ಕೈಯಲ್ಲೇ ಕಾರನ್ನೂ ತೊಳೆಯುತ್ತಿದ್ದಳು, ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಹಿಂದಿನ ಚಕ್ರದ ಸಂದಿಗೆ ಕೈತೂರಿಸಿ ಇದೊಂದನ್ನು ಉಜ್ಜಿದ್ದೇ ಉಜ್ಜಿದ್ದು, ನಿನ್ನ ಗಂಡನ ಮುಖವನ್ನು ಯಾವತ್ತಾದರೂ ಹೀಗೆ ಉಜ್ಜಿದ್ದೀಯೇನೇ ಅಂತ ರೇಗಿಸಿದರೆ, ನಿಮ್ಮ ಮುಖ ಉಜ್ಜುದ್ರೆ ಒಳೀತದಾ ಅನ್ನುತ್ತಿದ್ದಳು, ತಿರುಗಿಯೂ ನೋಡುತ್ತಿರಲಿಲ್ಲ. ಆ ಸಂಜೆ ಸೂಲಗಿತ್ತಿ ಮಂಗಳಮ್ಮ ಹೊರಗೆ ಬಂದು, ನನ್ ಕೈ ಮೀರೋಯ್ತು, ಮೈಸೂರ್ಗೆ ಓಡಿ ಅಂದಳಲ್ಲ, ಆಗ ಈ ಪಿನ್ನು ಕಚ್ಚಿಕೊಂಡೇ ಇತ್ತು, ಗೊತ್ತಿರಲಿಲ್ಲ ನನಗೆ, ಕಾರಿಗೆ ವಯಸ್ಸಾಯಿತು ಅಂದುಕೊಂಡಿದ್ದೆ, ಹೋದ ವರ್ಷ ಕೊಡಗು ಮೈಸೂರಿಗೆ ಸೇರಿತು, ಇನ್ನು ರಸ್ತೆ ರೇಶಿಮೆ ಆಗುತ್ತೆ ಅಂತ ಹೇಳಿದವರೆಲ್ಲ ಅವತ್ತು ಆ ಸೀಟಿನಲ್ಲಿ ಕೂತಿರಬೇಕಿತ್ತು, ಹುಣಸೂರು ಸೇತುವೆ ದಾಟುವಾಗ ಒಂದು ಗುಂಡಿ, ಬಿಳಿಕೆರೆ ಹತ್ತಿರ ಇನ್ನೊಂದು, ಪ್ರತಿ ಗುಂಡಿಗೂ ಹಿಂದಿನಿಂದ ಅವಳ ನರಳಾಟ, ನಿಧಾನ ಮಾಡಿದರೆ ನಿಧಾನ ಮಾಡ್ಬ್ಯಾಡಿ ಅನ್ನುತ್ತಾಳೆ, ಓಡಿಸಿದರೆ ಕೂಗುತ್ತಾಳೆ, ಕನ್ನಡಿಯಲ್ಲಿ ನೋಡೋ ಧೈರ್ಯ ನನಗಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಹೊತ್ತುಕೊಂಡು ಹೋದ ಮೇಲೆ ಕಾರಿನ ಹಿಂದೆ ನೆಲದ ಮೇಲೆ ಕೂತುಬಿಟ್ಟೆ, ಗೇಟಿನ ದೀಪ ಅಡಿಗೆ ಬಿದ್ದು ಈ ಮೂತಿ ಹೊಳೆಯುತ್ತಿತ್ತು, ಅದನ್ನೇ ನೋಡಿದೆ, ಬೇರೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ, ಆಯಾ ಬಂದು ಹೆಣ್ಣು ಮಗು, ಇಬ್ರೂ ಉಳುದ್ರು ಬುದ್ಧಿ, ಎದ್ದೇಳಿ ಅನ್ನುವವರೆಗೂ ಅದನ್ನೇ ನೋಡುತ್ತಿದ್ದೆ. ಆ ಆಯಾಳ ಹೆಸರು ಕೂಡ ಕೇಳಲಿಲ್ಲ ನಾನು, ನಾಳೆ ಕೇಳಬೇಕು, ಕೈಮುಗಿಯಬೇಕು.

ಸುತ್ತಿಗೆ ಬೀಸಿದರೆ ಗೆಣ್ಣು ತರಚುತ್ತೆ, ಪಿನ್ನು ನಗುತ್ತೆ, ಬೆಂಕಿಯಲ್ಲಿ ಕಾಯಿಸೋಣ ಅಂದರೆ ಮೇಲೆಯೇ ಪೆಟ್ರೋಲ್ ಟ್ಯಾಂಕು, ಅಲ್ಲಿಗೆ ಹೆಂಡತಿ ಮನೆಗೆ ಬರೋದು, ಗಂಡ ಮನೆಸಮೇತ ಹೋಗೋದು — ಯಾರದು, ಅತ್ತೆಯವರ ಕಾಲು, ಸರಗೂರಿನಿಂದ ಬಾಣಂತನಕ್ಕೆ ಬಂದಿರುವ ಗುರುಶಾಂತಮ್ಮನವರು, ಮದುವೆಯಾದಾಗಿನಿಂದ ಅಳಿಯನ ಜೊತೆ ನೇರ ಮಾತಾಡಿದವರಲ್ಲ, ಬಾಗಿಲ ಮರೆಯಲ್ಲಿ ನಿಂತು ಮಗಳ ಹತ್ತಿರ ಹೇಳೋದು, ಈಗ ಮಗಳಿಲ್ಲ, ಮೂರು ವಾರದಿಂದ ಅಂಗಳದ ಕರುವೇ ನಮ್ಮಿಬ್ಬರ ನಡುವಿನ ದೂತ, ಲೇ ಗೌರಿ, ಚೊಂಬ್ನೊಳ್ಗೆ ಲೋಟ ಸಿಕ್ಕಾಕೊಂಡ್ರೆ ಒಳ್ಗೆ ತಣ್ಣೀರು, ಒರ್ಗೆ ಬಿಸ್ನೀರು ಉಯ್ಬೇಕು, ಅಷ್ಟೂ ಗೊತ್ತಿಲ್ವಾ ಅಂತ ಕೇಳೇ ಅನ್ನುತ್ತಾರೆ, ಗೌರಿ ಬಾಲ ಆಡಿಸುತ್ತೆ, ನನಗೆ ನಗು, ನಕ್ಕರೆ ಬಾಯಿಗೆ ತುಕ್ಕು. ಮಾಡಿ ನೋಡೋಣ, ಕಳಕೊಳ್ಳೋದೇನಿದೆ, ಪಿನ್ನಿನ ತುದಿಗೆ ಬಾವಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದೆ, ಬಚ್ಚಲ ಹಂಡೆಯಿಂದ ಕುದಿನೀರು ತಂದು ಅತ್ತೆಯವರೇ ಕುಕ್ಕರಗಾಲಲ್ಲಿ ಕೂತು ಪಿನ್ನನ್ನು ಕಚ್ಚಿಕೊಂಡ ಕಮಾನಿನ ಬಳೆಗೆ ಹುಯ್ಯುತ್ತಿದ್ದಾರೆ, ಹಬೆ, ತೋಳಿನ ಮೇಲೆ ಸುಡುವ ಹನಿ, ಹೊಡೆದೆ, ಏನಿಲ್ಲ, ಮತ್ತೆ ನೀರು, ಮತ್ತೆ ಹೊಡೆದೆ, ಏನೂ ಇಲ್ಲ, ಕೈ ಸೋತಿತು, ಸುತ್ತಿಗೆ ಕೆಳಗಿಟ್ಟೆ, ಆಗಲ್ಲ ಇದು, ಆ ಸೀಟಿನ ಮೇಲೆ ಹಾಸಿಗೆ ಹಾಸಿ, ಹಾಸಿಗೆಯ ಮೇಲೆ ಹಾಸಿಗೆ ಹಾಸಿ — ಆಗ ಕೇಳಿಸಿತು, ಕರುವಿಗಲ್ಲ, ಚಕ್ರದ ಪಕ್ಕಕ್ಕೆ ಮುಖ ಬಗ್ಗಿಸಿ, ನೆಟ್ಟಗೆ ನನ್ನ ಕಣ್ಣಿಗೇ, ಬುಡಬ್ಯಾಡಿ ಅಳಿಯಂದ್ರೇ, ನನಗಿರೋಳು ಅವಳೊಬ್ಳೇ, ಒಡೀರಿ. ಹೊಡೆದೆ. ಕಿರ್ ಅಂತು. ಅಷ್ಟೇ, ಹಳೇ ಬಾಗಿಲಿನ ಸದ್ದು, ಇನ್ನೊಂದು ಏಟಿಗೆ ಪಿನ್ನು ಹೊರಗೆ ಬಂದು ಎದೆಯ ಮೇಲೆ ಬಿತ್ತು, ಬಿಸಿ ಇನ್ನೂ, ಹಾಗೇ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಮಲಗಿದ್ದೆ, ಅತ್ತೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಖಾಲಿ ಕೊಡ ಎತ್ತಿಕೊಂಡರು.

ಪಿನ್ನು ಒಳಗೆಲ್ಲ ಬರೀ ತುಕ್ಕು, ಒಂದು ತೊಟ್ಟು ಗ್ರೀಸಿಲ್ಲ, ಹೇಗೆ, ದೀಪಾವಳಿಯಲ್ಲಿ ನಾನೇ ಒತ್ತಿದ್ದೆನಲ್ಲ, ಮೂತಿಯ ಅಂಚಿನಿಂದ ಉಕ್ಕಿ ಬಂತು, ಹೊಟ್ಟೆ ತುಂಬಿತು ಅಂತ ಬಿಟ್ಟೆ, ಕಲ್ಲಿನ ಮೇಲಿನ ಮೂತಿಗೆ ಗೋಣಿ ಹೊಲಿಯುವ ದಬ್ಬಣ ತೂರಿಸಿದರೆ ಹೋಗುತ್ತಿಲ್ಲ, ಕೆದಕಿದೆ, ಕಪ್ಪಗೆ ಗಟ್ಟಿಯಾದದ್ದೊಂದು ಉಂಡೆ, ಉಗುರಿನಲ್ಲಿ ಬಿಡಿಸಿದರೆ ನಾರು, ಬೂದಿ, ಮತ್ತೆ ನಾರು — ಹುಣಸೆಹಣ್ಣಿನ ನಾರು, ಗ್ರೀಸು ಒಳಗೆ ಹೋಗದೆ ಹಿಂದಕ್ಕೆ ಉಕ್ಕಿದ್ದು ಇದರಿಂದ. ಸೋಮವಾರ ಸೋಮವಾರ ದೇವರ ದೀಪಕ್ಕೆ ಉಜ್ಜಿದ ಹುಣಸೆಹಣ್ಣು, ಅದೇ ಬೂದಿ, ಅದೇ ಕೈ. ಹುಣಸೂರು ಸೇತುವೆಯ ಗುಂಡಿ, ಬಿಳಿಕೆರೆಯ ಗುಂಡಿ, ಅವಳು ಕೂಗಿದ ಪ್ರತಿ ಕೂಗೂ ಅವಳೇ ಉಜ್ಜಿ ಉಜ್ಜಿ ತುಂಬಿದ್ದು, ನಾನು ಊರಾಚೆ ಹೋದಾಗ ಚಕ್ರ ಕೈಕೊಡದಿರಲಿ ಅಂತ, ನಾನು ಮನೆಗೆ ಬರಲಿ ಅಂತ. ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ, ನಾರನ್ನು ಅಂಗೈಯಲ್ಲಿಟ್ಟುಕೊಂಡೆ. ಅತ್ತೆಯವರು ನನ್ನ ಅಂಗೈ ನೋಡಿದರು, ನಾರು ನೋಡಿದರು, ಮುಖ ತಿರುಗಿಸಿ, ಅವಳ್ಗೆ ಹೇಳಬ್ಯಾಡಿ ಅನ್ನೇ ಗೌರಿ ಅಂದರು. ಹೇಳೋದಿಲ್ಲ, ಬದುಕಿರುವವರೆಗೂ ಹೇಳೋದಿಲ್ಲ.

ಪಿನ್ನು ಉಜ್ಜಿ ಕೂರಿಸಿ, ಮೂತಿಯನ್ನು ಮತ್ತೆ ತಿರುಪಿಯಾಯಿತು, ಒತ್ತಿದ ಗ್ರೀಸು ಎರಡೂ ಕಡೆಯಿಂದ ಉಕ್ಕಿತು, ಹಿಂದಿನಿಂದ ಒತ್ತಿದರೆ ಕಾರು ಬಗ್ಗಿ ಮೆಲ್ಲಗೆ ಎದ್ದಿತು, ಎಮ್ಮೆ ಎದ್ದ ಹಾಗೆ, ಇನ್ನು ಬರಲಿ ಅವಳು, ಆದರೆ ಅವಳು ಇಳಿದ ಕೂಡಲೇ ಬಗ್ಗಿ ಮೊದಲು ಇದನ್ನೇ ನೋಡುತ್ತಾಳೆ, ನನಗೆ ಗೊತ್ತು, ಮಂಕಾಗಿದೆ, ಅತ್ತೆ, ಒಂಚೂರು ಹುಣಸೆಹಣ್ಣು ಕೊಡಿ ಅಂದೆ, ಅವರು ಕರುವನ್ನು ಹುಡುಕಲಿಲ್ಲ, ಒಳಗೆ ಹೋಗಿ ತಂದು ಕೈಗೇ ಕೊಟ್ಟರು, ಮೂತಿಯ ತೂತಿಗೆ ಬೆಂಕಿಕಡ್ಡಿ ಸಿಗಿಸಿ ಉಜ್ಜುತ್ತಿದ್ದೀನಿ, ಬೂದಿ, ಹುಣಸೆಹಣ್ಣು, ತರಚಿದ ಗೆಣ್ಣಿಗೆ ಹುಳಿ ತಾಗಿ ಉರಿ, ಉರಿಯಲಿ, ನೀರು ಹುಯ್ದೆ, ಬೆಂಕಿಕಡ್ಡಿ ತೆಗೆದೆ, ಚಕ್ರದ ಸಂದಿಯಲ್ಲಿ ಅವಳು ಬಗ್ಗಿ ನೋಡುವ ಜಾಗದಲ್ಲಿ, ಗೇಟಿನ ದೀಪದಲ್ಲಿ ಇದ್ದ ಹಾಗೆಯೇ, ಕಡಲೆಕಾಳಿನಷ್ಟು, ಹೊಳೆಯುತ್ತಿದೆ, ಹಿತ್ತಾಳೆ, ಹೊಳೆಯುತ್ತಿದೆ —