ಕಂಡಷ್ಟೇ ಮೇಷ್ಟ್ರ ಕೊನೆಯ ಪರೀಕ್ಷೆ

ಮೇಷ್ಟ್ರು ಹೋದ ಸುದ್ದಿ ಬಂದಾಗ ಲ್ಯಾಬಿನ ಅಜ್ಜಿ ಚಮಚ ಹಿಡಿದು ಜಾಡಿಗಳ ಕಪಾಟಿನ ಮುಂದೆ ನಿಂತಿದ್ದಳು. ಬೆಳಿಗ್ಗೆ ಎಂಟು ಗಂಟೆ. ಒಂಬತ್ತೂವರೆಗೆ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಇಪ್ಪತ್ತಾರು ಮಕ್ಕಳಿಗೆ ಇಪ್ಪತ್ತಾರು ಪುಟ್ಟ ಸೀಸೆ, ಎಲ್ಲದರಲ್ಲೂ ಪರೀಕ್ಷೆಯ ಪಟ್ಟಿಯಲ್ಲಿ ಬರೆದಿದ್ದ ಒಂದೇ ಬಿಳಿ ಉಪ್ಪು. ಅದು ಯಾವುದೆಂದು ಮಕ್ಕಳೇ ಕಂಡುಹಿಡಿಯಬೇಕು. ಫೋನಿನಲ್ಲಿ ಮೇಷ್ಟ್ರ ಹೆಂಡತಿ ಹೆಚ್ಚು ಮಾತಾಡಲಿಲ್ಲ.

"ಹೋಗ್ಬಿಟ್ರು ಕಣೇ. ಸಂಜೆ ಐದಕ್ಕೆ ಎತ್ತುತ್ತಾರಂತೆ. ನೀನು ಕೆಲಸ ಮುಗಿಸ್ಕೊಂಡೇ ಬಾ. ಪರೀಕ್ಷೆ ಬಿಟ್ಟು ಬಂದ್ರೆ ಎದ್ದು ಕೂತು ಬೈತಾರೆ."

ಅಜ್ಜಿ ಅಳಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ಒಂದು ಜಾಡಿ ಇಳಿಸಿತು, ಚಮಚದಲ್ಲಿ ತೆಗೆಯಿತು, ಸೀಸೆಗೆ ಸುರಿಯಿತು, ಬಿರಡೆ ಹಾಕಿತು.

ಮೂವತ್ತೊಂದು ವರ್ಷ ಅವಳು ಆ ಲ್ಯಾಬಿನಲ್ಲಿ ಗಾಜು ತೊಳೆದಿದ್ದಳು. ಮೊದಮೊದಲು ಅಕ್ಕ ಎನ್ನುತ್ತಿದ್ದ ಮಕ್ಕಳು ಬರಬರುತ್ತ ಅಮ್ಮ ಎಂದರು, ಈಗ ಅಜ್ಜಿ ಎನ್ನುತ್ತಿದ್ದರು. ಮೇಷ್ಟ್ರು ಮಾತ್ರ ಮೊದಲ ದಿನದಿಂದಲೂ 'ತಾಯಿ' ಎಂದೇ ಕರೆದವರು. ಅವರಿಗೆ ಮಕ್ಕಳಿಟ್ಟ ಹೆಸರು ಕಂಡಷ್ಟೇ ಮೇಷ್ಟ್ರು. ವರ್ಷದ ಮೊದಲ ತರಗತಿಯಲ್ಲಿ ಅವರು ಪುಸ್ತಕ ತೆಗೆಸುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಮೇಣದ ಬತ್ತಿ ಹಚ್ಚಿಟ್ಟು, ಕಂಡಷ್ಟೇ ಬರೀರಿ ಎನ್ನುತ್ತಿದ್ದರು. ಒಂದು ಗಂಟೆ ಮಕ್ಕಳು ಬತ್ತಿಯನ್ನು ನೋಡುತ್ತ ಬರೆಯಬೇಕು. ಪುಸ್ತಕದಲ್ಲಿ ಓದಿದ್ದನ್ನೋ ಪಕ್ಕದವನ ಹಾಳೆಯಲ್ಲಿದ್ದುದನ್ನೋ ಬರೆದವನಿಗೆ ಸೊನ್ನೆ. ತಿಂಗಳ ಕೊನೆಯ ಶನಿವಾರ, ಪ್ರಯೋಗ ಕೆಟ್ಟವರು ಎದ್ದುನಿಂತು ಎಲ್ಲಿ ಕೆಟ್ಟಿತೆಂದು ಹೇಳಬೇಕು. ಚೆನ್ನಾಗಿ ಕೆಡಿಸಿಕೊಂಡು ಅಷ್ಟೇ ಚೆನ್ನಾಗಿ ಹೇಳಿದವರಿಗೆ ಚಪ್ಪಾಳೆ. ಆ ಶನಿವಾರದ ಗಂಟೆ ಸುಳ್ಳನ್ನು ಹೊರಗೆ ಚಪ್ಪಲಿ ಬಿಡುವ ಕಡೆ ಬಿಟ್ಟುಬರುವ ಜಾಗವಾಗಿತ್ತು.

ಅಜ್ಜಿ ದೈವಭಕ್ತೆ. ಬರ್ನರ್ ಹಚ್ಚುವ ಮುಂಚೆ ದಿನವೂ ಕಣ್ಣಿಗೆ ಕೈ ಒತ್ತಿಕೊಳ್ಳುತ್ತಿದ್ದಳು. ಒಮ್ಮೆ, ನಿಮಗೆ ದೇವರಲ್ಲಿ ನಂಬಿಕೆ ಉಂಟೋ ಇಲ್ಲವೋ ಎಂದು ಮೇಷ್ಟ್ರನ್ನು ಕೇಳಿಯೇಬಿಟ್ಟಳು. ಅವರು ನಕ್ಕು, "ಇನ್ನೂ ಕಂಡಿಲ್ಲ ತಾಯಿ. ಕಂಡ ದಿನ ಮೊದಲು ನಿಮಗೇ ಹೇಳ್ತೀನಿ" ಎಂದಿದ್ದರು.

ನಾಲ್ಕು ತಿಂಗಳ ಹಿಂದೆ ಅವರು ಹಾಸಿಗೆ ಹಿಡಿದದ್ದೇ ಹೆಡ್‌ಮಾಸ್ಟರು ಆ ಶನಿವಾರದ ಗಂಟೆಯನ್ನು ಕಿತ್ತುಹಾಕಿದರು. ಅದು ಸಿಲಬಸ್ಸಿನಲ್ಲಿಲ್ಲ, ಅದಕ್ಕೆ ಮಾರ್ಕ್ಸೂ ಇಲ್ಲ ಎಂಬುದು ಅವರ ವಾದ. ಬದಲಿಗೆ ಲ್ಯಾಬಿನ ಹೊರಗೋಡೆಗೆ ನೀಲಿ ಬಣ್ಣ ಬಳಿಸಿ, ಪ್ರಾಮಾಣಿಕತೆಯ ಬಗ್ಗೆ ಮೊಳದುದ್ದದ ಅಕ್ಷರದಲ್ಲಿ ಬರೆಸಿದರು. ಆ ಬಣ್ಣ ಆರುವ ಮುಂಚೆಯೇ ಅಜ್ಜಿಯನ್ನು ಕರೆದು, ಪರೀಕ್ಷೆಯ ದಿನ ಉಪ್ಪಿನ ಹೆಸರನ್ನು ಮಕ್ಕಳ ಕಿವಿಗೆ ಹಾಕಿಬಿಡಿ, ಎಲ್ಲ ಶಾಲೆಯಲ್ಲೂ ನಡೆಯುವುದೇ ಇದು ಎಂದರು. ಅಜ್ಜಿ ಒಲ್ಲೆನೆಂದಳು. ನಿಮ್ಮ ಮೊಮ್ಮಗಳೂ ಇದೇ ತರಗತಿಯಲ್ಲಿದ್ದಾಳಲ್ಲ, ನರ್ಸಿಂಗ್ ಸೀಟಿಗೆ ಒಂದೊಂದು ಮಾರ್ಕ್ಸೂ ಬೇಕಲ್ಲ ಎಂದು ಅವರು ಮೆತ್ತಗೆ ನೆನಪಿಸಿದರು. ಅಜ್ಜಿ ಆಗಲೂ ಒಲ್ಲೆನೆಂದಳು.

ಅವಳು ಒಲ್ಲೆನೆಂದರೇನು, ಗುಮಾಸ್ತನಿದ್ದ. ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತಾಗ ಹಾಜರಿ ಹಾಕುವ ನೆಪದಲ್ಲಿ ಓಡಾಡಿ, ಬೇರಿಯಂ, ಜ್ವಾಲೆ ಹಸಿರು ಎಂದು ಒಬ್ಬೊಬ್ಬರ ಕಿವಿಯಲ್ಲೂ ಉಸುರಿದ್ದ. ಇದು ಅಜ್ಜಿಗೆ ತಿಳಿದದ್ದು ಆಮೇಲೆ.

ಪರೀಕ್ಷೆ ಶುರುವಾಯಿತು. ಹೊರಗಿನಿಂದ ಬಂದ ಪರೀಕ್ಷಕಿ ಸೊಂಟನೋವಿನ ಹೆಂಗಸು, ಕುರ್ಚಿ ಬಿಟ್ಟು ಏಳಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ತಂತಿಯ ತುದಿಗೆ ಉಪ್ಪನ್ನು ಹಚ್ಚಿ ಬೆಂಕಿಗೆ ಹಿಡಿದ. ಜ್ವಾಲೆ ಕೆಂಪಾಯಿತು. ಪಕ್ಕದವನದೂ ಕೆಂಪು. ಕುಂಕುಮ ಎರಚಿದ ಹಾಗೆ ಎಲ್ಲ ಸಾಲುಗಳಲ್ಲೂ ಕೆಂಪು.

ಅಜ್ಜಿ ಕಪಾಟಿನತ್ತ ತಿರುಗಿ ನೋಡಿದಳು. ಬೇರಿಯಮ್ಮಿನ ಜಾಡಿ ಇದ್ದಲ್ಲೇ ಇತ್ತು. ಮೇಜಿನ ಮೇಲೆ ಮುಚ್ಚಳ ತೆಗೆದು ನಿಂತಿದ್ದುದು ಅದರ ಪಕ್ಕದ, ಕೆಂಪಾಗಿ ಉರಿಯುವ ಸ್ಟ್ರಾನ್ಷಿಯಮ್ಮಿನದು. ಬೆಳಿಗ್ಗೆ ಫೋನ್ ಇಟ್ಟಮೇಲೆ ಅವಳ ಕೈ ಇಳಿಸಿದ್ದು ಅದನ್ನೇ. ಮೂವತ್ತೊಂದು ವರ್ಷದಲ್ಲಿ ಹೀಗಾದದ್ದು ಮೊದಲ ಸಲ.

ಹೇಳಿಬಿಡೋಣವೆಂದು ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತಳು. ಮಕ್ಕಳ ಹಾಳೆಗಳು ಕಂಡಿದ್ದವು. ಕಣ್ಣೆದುರು ಜ್ವಾಲೆ ಕೆಂಪಾಗಿ ಉರಿಯುತ್ತಿತ್ತು, ಕೈ ಹಸಿರು ಎಂದು ಬರೆಯುತ್ತಿತ್ತು. ಒಬ್ಬನಾದರೂ ತಲೆ ಕೆರೆದುಕೊಳ್ಳಲಿಲ್ಲ. ಮೊಮ್ಮಗಳ ಹಿಂದೆ ಹೋಗಿ ನಿಂತಳು. ಅವಳದೂ ಹಸಿರೇ, ಅದೂ ಮುತ್ತಿನಂಥ ಅಕ್ಷರದಲ್ಲಿ.

ಕೊನೆಯ ಬೆಂಚಿನಲ್ಲಿ ದರ್ಜಿಯ ಮಗಳು ಮೂರನೆಯ ಸಲ ತಂತಿ ತೊಳೆದು ಬೆಂಕಿಗೆ ಹಿಡಿಯುತ್ತಿದ್ದಳು. ಅಜ್ಜಿ ಹತ್ತಿರ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು.

"ಅಜ್ಜಿ, ಎಲ್ಲರೂ ಹಸಿರು ಅಂತಿದಾರೆ. ನಂಗೆ ಕೆಂಪೇ ಕಾಣ್ತಿದೆ. ನನ್ ಕಣ್ಣಲ್ಲೇ ಏನಾದ್ರೂ ಐಬಿದೆಯಾ?"

ಪರೀಕ್ಷೆಯ ನಡುವೆ ಮಕ್ಕಳಿಗೆ ಒಂದಕ್ಷರ ಹೇಳುವಂತಿಲ್ಲ. ಹುಡುಗಿ ಮೂಗು ಒರೆಸಿಕೊಂಡು, ಹಾಳೆಯನ್ನು ಎಳೆದುಕೊಂಡು, ಕೆಂಪು, ಸ್ಟ್ರಾನ್ಷಿಯಂ ಎಂದು ಬರೆದಳು.

ಗಂಟೆ ಹೊಡೆದು ಮಕ್ಕಳು ಅಂಗಳಕ್ಕೆ ಹೋದಮೇಲೆ ಅಜ್ಜಿ ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ ತನ್ನ ತಪ್ಪನ್ನು ಒಪ್ಪಿಕೊಂಡು, ಮಕ್ಕಳ ಹಾಳೆಗಳಲ್ಲಿ ಕಂಡದ್ದನ್ನೂ ಹೇಳಿದಳು. ಅವರ ಮುಖ ಮೊದಲು ಬಿಳುಚಿತು. ಆಮೇಲೆ ಲೆಕ್ಕ ಹಾಕಿ ಸಮಾಧಾನ ತಂದುಕೊಂಡಿತು. ಪರೀಕ್ಷಕಿ ಪಟ್ಟಿ ನೋಡಿ ತಿದ್ದುತ್ತಾರೆ, ಪಟ್ಟಿಯಲ್ಲಿ ಬೇರಿಯಂ ಇದೆ, ಮಕ್ಕಳು ಬರೆದದ್ದೂ ಬೇರಿಯಂ, ಒಬ್ಬಳದು ತಪ್ಪಿತು, ಅಷ್ಟೇ. ನೀವು ಆ ಜಾಡಿ ಎತ್ತಿಟ್ಟು ಮೇಷ್ಟ್ರ ಮನೆಗೆ ಹೊರಡಿ, ಅರ್ಧ ದಿನದ ರಜೆ ನಾನೇ ಕೊಡುತ್ತೇನೆ ಎಂದರು.

"ಆ ಒಬ್ಳೇ ಸಾರ್ ಸರಿ ಬರೆದಿರೋದು."

"ಅಜ್ಜಿ, ಯೋಚ್ನೆ ಮಾಡಿ. ನಿವೃತ್ತಿಗೆ ಇನ್ನೊಂದು ವರ್ಷ ಇದೆ ನಿಮ್ಗೆ. ಮೊಮ್ಮಗಳ ಸೀಟು ನಿಮ್ ಕೈಯಾರೆ ಕಳೀತೀರಾ?"

ಅಜ್ಜಿ ಹೋಗಲೆಂದು ಬಾಗಿಲ ಕಡೆ ತಿರುಗಿದವಳು ಅಲ್ಲಿಂದಲೇ ಹೇಳಿದಳು.

"ನನ್ ಕೆಲಸ ಹೋದ್ರೆ ಹೋಗ್ಲಿ. ಗಾಜು ತೊಳೆಯೋಕೆ ಇನ್ನೊಬ್ರು ಸಿಕ್ತಾರೆ. ಆ ಹುಡುಗಿ ತನ್ ಕಣ್ಣನ್ನ ತಾನು ನಂಬೋದು ಬಿಟ್ಬಿಟ್ರೆ, ಅದನ್ನ ವಾಪಸ್ ಯಾರ್ ತಂದ್ಕೊಡ್ತಾರೆ ಸಾರ್? ನಿಮ್ ಗೋಡೆನಾ?"

ಹೇಳಿದವಳೇ ಲ್ಯಾಬಿಗೆ ಬಂದು ಎರಡೂ ಜಾಡಿಗಳನ್ನು ಪರೀಕ್ಷಕಿಯ ಮುಂದಿಟ್ಟಳು. ಹೆಡ್‌ಮಾಸ್ಟರು ಹಿಂದೆಯೇ ಓಡಿಬಂದು, ವಯಸ್ಸಾಯಿತು ಪಾಪ, ಬೇಕಾದವರು ತೀರಿಕೊಂಡಿದ್ದಾರೆ, ತಲೆ ಸರಿಯಾಗಿಲ್ಲ ಎಂದರು. ಅಜ್ಜಿ ಕಣ್ಣಿಗೆ ಕೈ ಒತ್ತಿಕೊಂಡು ಬರ್ನರ್ ಹಚ್ಚಿದಳು. ಒಂದು ಜಾಡಿಯ ಉಪ್ಪು ಹಸಿರಾಗಿ ಉರಿಯಿತು. ಇನ್ನೊಂದರದು ಕೆಂಪು. ಮಕ್ಕಳ ಸೀಸೆಗಳಲ್ಲಿ ಉಳಿದದ್ದನ್ನು ತೆಗೆದು ಹಿಡಿದಳು. ಅದೂ ಕೆಂಪು.

ಪರೀಕ್ಷಕಿ ಆಗ ಕುರ್ಚಿಯಿಂದ ಎದ್ದಳು. ಹಾಳೆಗಳನ್ನು ಒಂದೊಂದಾಗಿ ಮಗುಚಿದಳು.

"ಇಪ್ಪತ್ತೈದು ಜನಕ್ಕೆ ಒಂದೇ ಸಲ ಕಣ್ಣು ಕೆಟ್ಟಿತಾ ಹೆಡ್‌ಮಾಸ್ಟ್ರೇ?"

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದ ಗುಮಾಸ್ತನನ್ನು ನೋಡಿದರು. ಗುಮಾಸ್ತ ಕಿಟಕಿಯನ್ನು ನೋಡಿದ.

ಜಾಡಿ ಬದಲಾದದ್ದು ತನ್ನ ತಪ್ಪು, ಹೆಸರು ಹೇಳಿಕೊಟ್ಟದ್ದು ತಾನಲ್ಲ, ಹೇಳಿಕೊಡೆಂದದ್ದು ಯಾರೆಂದೂ ಗೊತ್ತು ಎಂದು ಅಜ್ಜಿ ಕಾಗದದ ಮೇಲೆ ಬರೆದು ಸಹಿ ಹಾಕಿದಳು. ದರ್ಜಿಯ ಮಗಳಿಗೆ ಪೂರ್ತಿ ಮಾರ್ಕ್ಸು. ಉಳಿದವರ ಈ ಪರೀಕ್ಷೆ ರದ್ದು. ಮರುಪರೀಕ್ಷೆ ಕೊಡಬೇಕೋ ಬೇಡವೋ ಎಂಬುದನ್ನು ಮೇಲಿನವರು ನಿರ್ಧರಿಸುತ್ತಾರೆ. ಅಜ್ಜಿ ಸೋಮವಾರದಿಂದ ಕೆಲಸಕ್ಕೆ ಬರಬಾರದೆಂದು ಹೆಡ್‌ಮಾಸ್ಟರು ಅಲ್ಲೇ ಬರೆದುಕೊಟ್ಟರು. ಅವಳು ಅದನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಹೊರಡುವ ಮುಂಚೆ ದರ್ಜಿಯ ಮಗಳನ್ನು ಅಂಗಳದಲ್ಲಿ ಹುಡುಕಿ, "ನಿನ್ ಕಣ್ಣಲ್ಲಿ ಯಾವ ಐಬೂ ಇಲ್ಲ ಕಣೇ" ಎಂದು ಹೇಳಿದಳು.

ಮೇಷ್ಟ್ರ ಮನೆಯ ದಾರಿಯಲ್ಲಿ ಮೊಮ್ಮಗಳು ಹತ್ತು ಹೆಜ್ಜೆ ಹಿಂದೆಯೇ ಉಳಿದಿದ್ದಳು. ಸೈಕಲ್ ರಿಪೇರಿ ಅಂಗಡಿ ದಾಟಿತು, ಔಷಧಿ ಅಂಗಡಿ ದಾಟಿತು. ತಿರುವಿನಲ್ಲಿ ಬಂದು ಜೊತೆಯಾದಳು.

"ಮರುಪರೀಕ್ಷೆ ಕೊಡದೇ ಹೋದ್ರೆ ನನ್ ಸೀಟು ಹೋಯ್ತು ಅಜ್ಜಿ."

"ಹೋಯ್ತು."

"ಅಷ್ಟೇನಾ? ಹೋಯ್ತು ಅಂದ್ಬಿಟ್ರೆ ಆಯ್ತಾ?"

ಅಜ್ಜಿ ನಿಂತು ಅವಳ ಮುಖ ನೋಡಿದಳು. "ನಾಳೆ ನರ್ಸಾಗಿ ಒಂದು ಮಗೂಗೆ ಜ್ವರ ನೋಡ್ತೀಯ. ನೂರಾ ಮೂರು ಕಾಣತ್ತೆ. ಪಕ್ಕದಲ್ಲಿ ಯಾರೋ ತೊಂಬತ್ತೆಂಟು ಅಂತ ಬರಿ ಅಂತಾರೆ. ಬರೀತೀಯಾ?"

ಹುಡುಗಿ ಮೇಷ್ಟ್ರ ಮನೆಯ ಬಾಗಿಲು ಕಾಣುವವರೆಗೂ ನೆಲ ನೋಡಿಕೊಂಡೇ ನಡೆದಳು. ಅಲ್ಲಿ ಅಜ್ಜಿಯ ಸೆರಗು ಹಿಡಿದು ನಿಲ್ಲಿಸಿದಳು.

"ನಂಗೂ ಕೆಂಪೇ ಕಂಡಿದ್ದು."

"ಗೊತ್ತು ಮಗಳೇ. ಒಳಗೆ ಬಾ, ಅವರ ಮುಂದೆ ಹೇಳು."

ಮೇಷ್ಟ್ರನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಕನ್ನಡಕ ತೆಗೆದಿದ್ದರಿಂದ ಮುಖ ಬೇರೆಯವರದೆಂಬಂತೆ ಕಾಣುತ್ತಿತ್ತು. ಮೂಗಿನ ಮೇಲೆ ಅದರ ಗುರುತು ಮಾತ್ರ ಇತ್ತು. ಮೊಮ್ಮಗಳು ಬಗ್ಗಿ ಅವರ ಕಿವಿಯ ಹತ್ತಿರ ಏನೋ ಹೇಳಿದಳು. ಅಜ್ಜಿ ಕೇಳಿಸಿಕೊಳ್ಳಲು ಹೋಗಲಿಲ್ಲ. ಮೇಷ್ಟ್ರ ಹೆಂಡತಿ ಅವಳ ಕೈ ಹಿಡಿದು, "ಪರೀಕ್ಷೆ ಹೇಗಾಯ್ತೇ?" ಎಂದು ಕೇಳಿದರು. ಕೆಟ್ಟಿತು, ಚೆನ್ನಾಗಿ ಕೆಟ್ಟಿತು ಎಂದು ಅಜ್ಜಿ ಹೇಳಿದಳು. ಆಗ ಅವಳಿಗೆ ಅಳು ಬಂತು.

ಅತ್ತು ಮುಗಿದಮೇಲೆ ಕಣ್ಣಿಗೆ ಕೈ ಒತ್ತಿಕೊಂಡು ಕೈಮುಗಿದಳು. ದೇವರೇ, ಇವರು ಜೀವಮಾನವಿಡೀ ಕಂಡಷ್ಟನ್ನೇ ಹೇಳಿದರು, ಮಕ್ಕಳ ಬಾಯಲ್ಲೂ ಅದನ್ನೇ ಹೇಳಿಸಿದರು. ನಿನ್ನನ್ನು ಕಂಡೆನೆಂದು ಒಂದು ದಿನವೂ ಸುಳ್ಳು ಹೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ಮುನಿಸು ಬೇಡ. ನಾಲ್ಕು ತಿಂಗಳು ನೋವು ತಿಂದ ಜೀವ. ಇನ್ನಾದರೂ ಕಾಣಿಸಿಕೋ, ಹತ್ತಿರ ಕೂರಿಸಿಕೋ, ಇವರ ಆತ್ಮಕ್ಕೆ ಶಾಂತಿ ಕೊಡು.