ಕೋಡಿನ ಮೀನಿನ ಕಣ್ಣು

ಗಂಡನ ಹೆಸರು ಬಾಯಲ್ಲಿ ತರಬಾರದು ಎನ್ನುತ್ತಾರೆ. ನಾನು ತರುತ್ತೇನೆ: ಮಾಳಸಿದ್ದ. ಅವನು ಟಗರಿನ ಕೋಡಿನಿಂದ ಬೆರಳುದ್ದದ ಮೀನು ಮಾಡುತ್ತಿದ್ದ, ನಾನು ಅದಕ್ಕೆ ಕಣ್ಣು ಇಡುತ್ತಿದ್ದೆ. ಆ ಕಣ್ಣಿನ ಸಲುವಾಗಿ ನಾವಿಬ್ಬರೂ ಐದು ದಿನ ಹೊಳೆಯ ದಂಡೆಯಲ್ಲಿ, ಮಂದಿಯ ಎದುರೇ ಕಾದಾಡಿದೆವು. ಊರವರು ಈಗಲೂ ಅದನ್ನು ಗಂಡಹೆಂಡಿರ ಜಗಳ ಎಂದು ಹೇಳಿಕೊಂಡು ನಗುತ್ತಾರೆ. ನಗಲಿ. ನನ್ನ ಕೆಲಸ ನನ್ನ ಕೈ ತಪ್ಪದ ಹಾಗೆ ನಾನು ನೋಡಿಕೊಂಡೆ, ಅಷ್ಟೇ.

ಇದು ಎಂಬತ್ತೊಂಬತ್ತನೆಯ ಇಸವಿಯ ಮಾತು. ಕುಡಚಿಗೆ ಹತ್ತಿರ, ಕೃಷ್ಣೆಯ ದಂಡೆಗೇ ನಮ್ಮ ಊರು. ಮೊದಲು ನಮ್ಮಲ್ಲಿ ಎಂಬತ್ತು ಕುರಿ ಇದ್ದವು. ಮಾಳಸಿದ್ದನ ಮೊಣಕಾಲು ಕೆಟ್ಟು ಹಿಂಡಿನ ಹಿಂದೆ ನಡೆಯಲು ಆಗದಿದ್ದಾಗ ಹಿಂಡನ್ನು ಮೈದುನನಿಗೆ ಬಿಟ್ಟುಕೊಟ್ಟೆವು. ಮನೆಯಲ್ಲಿ ಉಳಿದದ್ದು ಹತ್ತು. ಮಾಳಸಿದ್ದನೋ ಒಂದು ಗಳಿಗೆ ಸುಮ್ಮನೆ ಕೂರುವವನಲ್ಲ. ರೈಲಿನ ಸೇತುವೆಯ ಕೆಲಸಕ್ಕೆ ಬಂದಿದ್ದ ಯಾರೋ ಪರವೂರಿನವನು ತಗಡಿನ ಮೀನನ್ನು ದಾರಕ್ಕೆ ಕಟ್ಟಿ ಎಸೆದು ಬಾಳೆ ಮೀನು ಹಿಡಿಯುವುದನ್ನು ನೋಡಿ ಬಂದ. ಬಂದವನೇ ಒಂದು ಕೋಡನ್ನು ಕುದಿಸಿ, ಸೀಳಿ, ಅರದಿಂದ ಉಜ್ಜಿ ಅಂಥದ್ದೇ ಒಂದು ಮಾಡಿದ. ಬಾಲದ ಕೆಳಗೆ ಗಾಳ ಕಟ್ಟಿದ. ಎರೆಹುಳು ಬೇಡ, ಹಿಟ್ಟಿನ ಉಂಡೆ ಬೇಡ. ನೀರಿಗೆ ಎಸೆದು ದಾರ ಎಳೆದರೆ ಕೋಡು ಮೈ ಹೊರಳಿಸುತ್ತ ಬರುತ್ತಿತ್ತು. ಸಣ್ಣ ಮೀನು ಓಡುತ್ತಿದೆ ಎಂದು ತಿಳಿದು ದೊಡ್ಡದು ಬಾಯಿ ಹಾಕುತ್ತಿತ್ತು.

ಮಾಡಿದ್ದನ್ನು ನನ್ನ ಕೈಗೆ ಕೊಟ್ಟಾಗ ನನಗದು ಸರಿ ಕಾಣಲಿಲ್ಲ. ಮೈ ಇತ್ತು, ಬಾಲ ಇತ್ತು, ಮುಖ ಇರಲಿಲ್ಲ. ಎಂಬತ್ತು ಕುರಿಗಳಲ್ಲಿ ಯಾವುದರ ಮೂಗಿನ ಮೇಲೆ ಯಾವ ಮಚ್ಚೆ ಎಂದು ಹೇಳುತ್ತಿದ್ದವಳು ನಾನು. ಮುಖವಿಲ್ಲದ ಜೀವ ನನಗೆ ಹಿಡಿಸುವುದಿಲ್ಲ. ಒಲೆಯಲ್ಲಿ ತಂತಿ ಕಾಯಿಸಿ ಎರಡೂ ಬದಿಗೆ ಒಂದೊಂದು ಚುಕ್ಕೆ ಸುಟ್ಟೆ. ಪಕ್ಕದ ಮನೆಯವರು ಎತ್ತಿನ ಕೋಡಿಗೆ ಬಳಿದು ಉಳಿಸಿದ್ದ ಬಿಳಿ ಬಣ್ಣದಿಂದ ಸುತ್ತಲೂ ಒಂದು ಗೆರೆ ಎಳೆದೆ. ಸುಟ್ಟ ಕೋಡಿನ ನಾತಕ್ಕೆ ಅತ್ತೆ ಕೆಂಚವ್ವ ಮೂಗಿಗೆ ಸೆರಗು ಹಿಡಿದು, "ಮನೀನ ಸುಡುಗಾಡ ಮಾಡಿದಿ ನೋಡು!" ಎಂದು ಬೈದಳು. ಅವತ್ತು ಆ ಮೀನಿಗೆ ತೋಳುದ್ದದ ಬಾಳೆ ಮೀನು ಬಿತ್ತು. ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡು ಉಂಡಳು. ನಾನು ಊರ ತುಂಬ ಜಂಬ ಕೊಚ್ಚಿಕೊಂಡೆ. ಒಂದೇ ಮೀನಿಗೆ ಅಷ್ಟು ಜಂಬ ಬೇಕಿರಲಿಲ್ಲ ಎನ್ನುವುದು ನನಗೂ ಗೊತ್ತು.

ಆಮೇಲೆ ಬಾಳಾಸಾಬ ಬಂದ. ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡ ಎಂದು ಸಂತೆಯಿಂದ ಸಂತೆಗೆ ಸೈಕಲ್ ಮೇಲೆ ಗಾಳ, ದಾರ, ಬಲೆ ಮಾರುವವನು. ನಮ್ಮ ಕೋಡಿನ ಮೀನು ಅವನ ಚೀಲ ಸೇರಿದವು. ಎರಡು ವರ್ಷ ನಾನೂ ಮಾಳಸಿದ್ದನೂ ಅಂಗಳದ ಬೇವಿನ ನೆರಳಲ್ಲಿ ಎದುರುಬದುರು ಕೂತು ಕೆಲಸ ಮಾಡಿದೆವು.

ಎಂಬತ್ತೊಂಬತ್ತರ ಮಳೆಗಾಲ ಕಳೆದು ಹೊಳೆಯ ನೀರು ತಿಳಿಯಾಗುವ ಹೊತ್ತಿಗೆ ಬಾಳಾಸಾಬ ಅವಸರದಲ್ಲಿ ಬಂದ.

"ಮಾಳಸಿದ್ದಾ, ಈ ಸಲ ಭಾಳ ಬೇಕಾಗ್ಯಾವ. ಕಣ್ಣ ಇಡೂದ ಬಿಟ್ಟಬಿಡು. ಅದಕ್ಕ ಅರ್ಧಾ ದಿನ ಹೊಕ್ಕೈತಿ."

"ಕಣ್ಣ ಬಿಟ್ರ ಮೀನ ಹೆಂಗ ಬೀಳ್ತಾವರಿ, ಅಣ್ಣಾ?" ಎಂದೆ ನಾನು.

"ವೈನಿ, ಮೀನ ಏನ ಕನ್ಯಾ ನೋಡಾಕ ಬರ್ತೈತೇನ, ಕಣ್ಣ ಮೂಗ ನೋಡಾಕ? ಹೊಳಪ ಕಂಡ್ರ ಸಾಕು, ಬಾಯಿ ಹಾಕ್ತೈತಿ."

ಮಾಳಸಿದ್ದ ನಕ್ಕ. ಅವನು ನಕ್ಕದ್ದೇ ನನಗೆ ಉರಿ ಹತ್ತಿಸಿತು. ಸಾಲದ್ದಕ್ಕೆ, "ಖರೇ ಐತಿ. ಇನ್ನ ಮ್ಯಾಲ ನೀ ಕುರಿ ನೋಡ್ಕೋ. ಮೀನಿನ ಕೆಲಸಾ ನನಗಿರ್ಲಿ" ಎಂದುಬಿಟ್ಟ.

ಸಗಣಿ ಬಾಚುವುದು, ರೊಟ್ಟಿ ಬಡಿಯುವುದು, ನೀರು ಹೊರುವುದು ಎಲ್ಲ ಹೆಂಗಸರೂ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಆದರೆ ಆ ಕಣ್ಣು ಇಡುವುದು ನನ್ನೊಬ್ಬಳ ಕೆಲಸವಾಗಿತ್ತು. ತಂತಿ ಹಿಡಿದು ಕೂತಾಗ ಅತ್ತೆ ಕೂಡ ನನ್ನನ್ನು ಬೇರೆ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅದನ್ನು ಇಬ್ಬರು ಗಂಡಸರು ಚಹಾ ಕುಡಿಯುತ್ತ, ಒಂದೇ ಮಾತಿನಲ್ಲಿ ಕಿತ್ತುಕೊಂಡರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಪರೀಕ್ಷಾ ಆಗ್ಲಿ" ಎಂದೆ. "ನಾಕ ದಿನಾ ಮುಂಜಾನಿ ನೀವ ಕುರುಡ ಮೀನ ಒಗೀರಿ, ನಾ ಕಣ್ಣಿನ ಮೀನ ಒಗೀತೀನಿ. ನಾ ಸೋತ್ರ ತಂತಿ ಮುಟ್ಟಂಗಿಲ್ಲ."

"ನೀ ಒಗಿಯಾಕಿ?" ಮಾಳಸಿದ್ದನ ಕಣ್ಣು ದೊಡ್ಡವಾದವು.

"ಕುರಿ ಕಾಯುಮುಂದ ಕವಣಿ ಬೀಸಾಕಿ ನಾನ. ದಾರ ಒಗಿಯಾಕ ಬರೂದಿಲ್ಲೇನ ನನಗ?"

ಬಾಳಾಸಾಬ ಅಥಣಿಯ ಸಂತೆ ಮುಗಿಸಿ ಐದನೆಯ ದಿನ ಬರುವುದಾಗಿ ಹೇಳಿ ಸೈಕಲ್ ಹತ್ತಿದ.

ಮರುದಿನ ಬೆಳಕು ಹರಿಯುವಾಗ ಇಬ್ಬರೂ ಮಡುವಿನ ಹತ್ತಿರ ನಿಂತೆವು. ಬಟ್ಟೆ ಒಗೆಯಲು ಬಂದ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಹಾಗೇ ಬಿಟ್ಟು ನೋಡಿದರು. ಹೆಂಗಸೊಬ್ಬಳು ಗಾಳ ಎಸೆಯುವುದನ್ನು ಅವರು ಕಂಡಿರಲಿಲ್ಲ. ನನ್ನ ಮೀನಿಗೆ ಬೇಗನೇ ಕಡಿತ ಬಂತು. ದಾರ ಜಗ್ಗಿತು, ಕೈಗೆ ಭಾರ ಗೊತ್ತಾಯಿತು, ಮರುಗಳಿಗೆಯಲ್ಲಿ ದಾರ ಸಡಿಲ. ಮತ್ತೆ ಎಸೆದೆ. ಮತ್ತೆ ಹಾಗೇ. ಮಾಳಸಿದ್ದನಿಗೆ ಕಡಿತ ಕಡಿಮೆ ಬಂದವು, ಆದರೆ ಕಡಿದವು ಗಾಳಕ್ಕೆ ಸಿಕ್ಕವು. ನಾಲ್ಕು ಮುಂಜಾನೆ ಮುಗಿದಾಗ ಅವನಿಗೆ ಐದು ಮೀನು, ನನಗೆ ಎರಡು.

"ನಿನ್ನ ಕಣ್ಣ ನೋಡಿ ಮೀನ ನಾಚ್ಕೊಂಡ ಓಡಾಕತ್ತಾವ ನೋಡು!" ಎಂದು ಮಾಳಸಿದ್ದ ದಂಡೆಯ ತುಂಬ ಕೇಳುವ ಹಾಗೆ ಕೂಗಿದ. ಹೆಂಗಸರೂ ನಕ್ಕರು. ಅವರ ನಗು ನನಗೆ ಇನ್ನೂ ನೆನಪಿದೆ, ಯಾರು ಯಾರು ನಕ್ಕರು ಎನ್ನುವುದೂ ನೆನಪಿದೆ.

ಮನೆಗೆ ಬಂದು ಎರಡೂ ಕೋಡಿನ ಮೀನುಗಳನ್ನು ತೊಳೆದು ಬಿಸಿಲಿಗೆ ಇಟ್ಟೆ. ಸೋತದ್ದಾಗಿತ್ತು, ಆದರೂ ನೋಡದೆ ಇರಲಾರೆ. ಕಿವಿಯ ಗೀರು ನೋಡಿ ಕುರಿ ಯಾರದ್ದೆಂದು ಹೇಳುವ ಅಭ್ಯಾಸ ನನ್ನದು. ಬಾಳೆ ಮೀನಿಗೆ ಬಾಯಿ ತುಂಬ ಸಣ್ಣ ಹಲ್ಲು. ಕಡಿದಲ್ಲೆಲ್ಲ ಬಾಚಣಿಗೆಯಿಂದ ಗೀರಿದ ಹಾಗೆ ಗುರುತು ಬಿಡುತ್ತದೆ. ಮಾಳಸಿದ್ದನ ಕುರುಡು ಮೀನಿನ ಗೀರುಗಳೆಲ್ಲ ಬಾಲದ ಕಡೆ ಇದ್ದವು. ನನ್ನದರ ಬಾಲ ನುಣ್ಣಗೆ ಇತ್ತು. ತಲೆ ಮಾತ್ರ ಗೀರಿ ಗೀರಿ ಬೆಳ್ಳಗಾಗಿತ್ತು. ಕಣ್ಣಿನ ಸುತ್ತಲಿನ ಬಣ್ಣ ಎದ್ದುಹೋಗಿತ್ತು.

ಬಾಳೆ ಮೀನು ಕಣ್ಣು ನೋಡಿತ್ತು. ನೋಡಿ ಕಣ್ಣಿಗೇ ಬಾಯಿ ಹಾಕಿತ್ತು. ಗಾಳ ಮಾತ್ರ ಬಾಲದ ಕೆಳಗೆ, ಅದರ ಬಾಯಿಯಿಂದ ದೂರ ತೂಗಾಡುತ್ತಿತ್ತು. ಗಾಳ ಕಟ್ಟಿದವನು ಯಾರು? ನಾನಲ್ಲ.

ತೋರಿಸಲು ಹೋದರೆ ಮಾಳಸಿದ್ದ ತಿರುಗಿಯೂ ನೋಡಲಿಲ್ಲ. "ಸೋತವ್ರಿಗೆ ಏನೇನರ ಕಾಣ್ತೈತಿ" ಎಂದ. ನಾನು ಒಲೆಗೆ ತಂತಿ ಇಟ್ಟೆ.

"ಏ, ತಂತಿ ಮುಟ್ಟಂಗಿಲ್ಲಂತ ಹೇಳಿದ್ದಿ!"

"ಹೇಳಿದ್ನಿ. ಈಗ ಮುಟ್ಟಾಕತ್ತೀನಿ. ಏನ ಮಾಡ್ತೀರಿ?"

ಕೊಟ್ಟ ಮಾತು ಮುರಿದೆ, ಹೌದು. ಅದಕ್ಕೆ ನನಗೆ ಅವತ್ತೂ ನಾಚಿಕೆ ಆಗಲಿಲ್ಲ, ಇವತ್ತೂ ಇಲ್ಲ. ಎರಡೂ ಮೀನಿನ ಗಂಟಲ ಕೆಳಗೆ ತೂತು ಸುಟ್ಟು, ಬಾಲದ ಗಾಳ ಬಿಚ್ಚಿ ಅಲ್ಲಿಗೆ ಕಟ್ಟಿದೆ.

ಐದನೆಯ ದಿನ ನಾನು ಹೊಳೆಗೆ ಹೊರಟಾಗ ಮಾಳಸಿದ್ದ ಕುಂಟುತ್ತ ಹಿಂದೆ ಬಂದ. ಬೈಯಲು ಬಂದನೋ ನೋಡಲು ಬಂದನೋ ಗೊತ್ತಿಲ್ಲ. ಬಾಳಾಸಾಬನೂ ಆಗಲೇ ದಂಡೆಯಲ್ಲಿ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ. ನಾನು ಯಾರನ್ನೂ ಮಾತಾಡಿಸದೆ ಕಣ್ಣಿನ ಮೀನು ಎಸೆದೆ. ನಾಲ್ಕು ಕಡಿತ ಬಂದವು, ಮೂರು ಮೀನು ದಂಡೆಗೆ ಬಿದ್ದವು. ಮೂರನೆಯದನ್ನು ಎಳೆಯುವಾಗ ದಾರ ಅಂಗೈ ಕೊಯ್ದು ರಕ್ತ ಬಂತು. ಕೈ ಸೀರೆಗೆ ಒರೆಸಿಕೊಂಡು ಕುರುಡು ಮೀನನ್ನು ಮಾಳಸಿದ್ದನ ಕೈಗೆ ಇಟ್ಟೆ.

"ಇದರ ಗಾಳಾನೂ ಗಂಟಲದಾಗ ಐತಿ. ಒಗೀರಿ."

ಎಸೆದ. ಎರಡು ಸಲ ದಾರ ಜಗ್ಗಿತು, ಎರಡು ಸಲವೂ ಸಡಿಲಾಯಿತು. ಕಣ್ಣಿಲ್ಲದ ಮೀನಿಗೆ ಬಾಳೆ ಮೀನು ಬಾಲದ ಕಡೆಯಿಂದಲೇ ಬಾಯಿ ಹಾಕಿತ್ತು. ಮಾಳಸಿದ್ದ ಅದನ್ನು ಎಳೆದುಕೊಂಡು, ಬಾಲದ ಮೇಲಿನ ಹಸಿ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ.

ಬಾಳಾಸಾಬ ಗಂಟಲು ಸರಿ ಮಾಡಿಕೊಂಡ. "ಹಂಗಾರ ಮಾಳಸಿದ್ದಾ, ಕಣ್ಣ ಇರ್ಲಿ ಬಿಡು. ಗಾಳ ಮುಂದ ಕಟ್ಟು."

"ಅವರಿಗೆ ಯಾಕ ಹೇಳ್ತೀರಿ? ನನಗ ಹೇಳ್ರಿ" ಎಂದೆ.

ಬಾಳಾಸಾಬ ನನ್ನ ಗಂಡನ ಮುಖ ನೋಡಿದ, ಇವಳ ಬಾಯಿ ಮುಚ್ಚಿಸು ಎನ್ನುವ ಹಾಗೆ. ಮಾಳಸಿದ್ದ ತಲೆ ಎತ್ತಲಿಲ್ಲ. "ಆಕೀಗೇ ಹೇಳೋ ಮಾರಾಯಾ" ಎಂದ. ಆಮೇಲೆ ಆ ಕೋಡಿನ ಮೀನನ್ನು ನನ್ನ ಕಡೆ ಚಾಚಿ ಮೆಲ್ಲಗೆ ಕೇಳಿದ: "ಹೊಸಾವಕ್ಕ ತೂತ ಎಲ್ಲಿ ಹಾಕಬೇಕ, ತೋರ್ಸು."

ಎದೆ ತುಂಬಿ ಬಂತು. ಅಷ್ಟಕ್ಕೇ ಕರಗಿಬಿಡುವುದು ನನ್ನ ಜಾಯಮಾನವಲ್ಲ.

"ಮದಲ ಹೇಳ್ರಿ. ಕಣ್ಣ ಬೇಕೋ ಬ್ಯಾಡೋ?"

"ಬೇಕು."

"ಆ ಬಟ್ಟಿ ಒಗಿಯೂ ಕಲ್ಲಿನ ಮಟಾ ಕೇಳ್ಸಲಿಲ್ಲ."

ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿದ್ದರು. ಮಾಳಸಿದ್ದ ಅವರ ಕಡೆ ನೋಡಿದ, ನನ್ನ ಕಡೆ ನೋಡಿದ, ನನ್ನ ರಕ್ತದ ಅಂಗೈ ನೋಡಿದ.

"ಬೇಕಂದ್ರ ಬೇಕು!" ಎಂದು ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿದ.

ಆಮೇಲೆ ತೋರಿಸಿದೆ.