ನಲವತ್ತೊಂದನೆಯ ಅಂಗಿ

ಟೇಪಣ್ಣನಿಗೆ ಅಳತೆ ತೆಗೆಯಲು ಟೇಪು ಬೇಕಾಗಿಯೇ ಇರಲಿಲ್ಲ. ಕೊರಳಲ್ಲಿ ಅದು ನೇತಾಡುತ್ತಿದ್ದದ್ದು ಬರೀ ಶೋಕಿಗೆ. ಗಿರಾಕಿ ಬೀದಿಯ ಮೂಲೆ ತಿರುಗುವಷ್ಟರಲ್ಲಿ ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರೂವರೆ ಎಂದು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದಿರುತ್ತಿದ್ದ. ಒಮ್ಮೆ ಒಬ್ಬನ ಕೆಮ್ಮು ಕೇಳಿಯೇ ಕೋಟು ಹೊಲಿದನಂತೆ, ಕೂದಲೆಳೆಯಷ್ಟೂ ಬಿಗಿಯಾಗಲಿಲ್ಲವಂತೆ. ನಂಬದವರಿಗೆ ಕೋಟು ತೋರಿಸಲು ಆ ಮನುಷ್ಯ ಇವತ್ತಿಗೂ ಸಿದ್ಧ.

ಅಂಥವನ ಅಂಗಡಿಗೆ ಒಂದು ದಿನ ಮಿಂಚುವಿನ ಅಭಿಮಾನಿ ಸಂಘದವರು ನುಗ್ಗಿದರು. ಮಿಂಚು ಎಂದರೆ ಸಿನಿಮಾ ಹೀರೋ. ಅವನಿಗೆ ನೆಗಡಿಯಾದರೆ ಊರಿಗೆ ಊರೇ ಮೂಗು ಒರೆಸಿಕೊಳ್ಳುತ್ತಿದ್ದ ಕಾಲ ಅದು. ಮುಂದಿನ ಭಾನುವಾರ ಅವನು ಹೊಸ ಚಪ್ಪಲಿ ಅಂಗಡಿಯ ರಿಬ್ಬನ್ನು ಕತ್ತರಿಸಲು ಬರುವವನಿದ್ದ. ಆವತ್ತು ಸಂಘದ ನಲವತ್ತು ಜನಕ್ಕೂ ಅವನು ಸಿನಿಮಾದಲ್ಲಿ ಹಾಕಿದಂಥದ್ದೇ ಹಳದಿ ಅಂಗಿ ಬೇಕಂತೆ, ಎದೆಗೆ ಎರಡು ಮುಚ್ಚಳದ ಜೇಬು. ಆ ಹಳದಿ ಎಂಥದ್ದೆಂದರೆ ಥಾನು ಬಿಚ್ಚಿದ ಮೇಲೆ ಟೇಪಣ್ಣ ಅಂಗಡಿಯ ದೀಪ ಆರಿಸಿಬಿಟ್ಟ.

ಹತ್ತೊಂಬತ್ತರ ಮಗ ಪಕ್ಕದ ಮೆಷಿನ್ನಿನಲ್ಲಿ ಕೂತು ಕಸುಬು ಕಲಿಯುತ್ತಿದ್ದ. ಮೂವತ್ತೊಂಬತ್ತನೆಯ ಅಂಗಿಗೆ ಗುಂಡಿ ಹಾಕುತ್ತ ಕೇಳಿದ, "ಅಪ್ಪಾ, ನಂಗೂ ಒಂದು ಹೊಲ್ಕೊಡು."

"ನಲವತ್ತು ಕೋತಿಗೆ ಹೊಲ್ದು ಸೊಂಟ ಬಿದ್ದೋಗಿದೆ. ನಮ್ಮನೇಲೂ ಒಂದು ಬೇಕಾ?"

"ಕೋತಿಗಳು ಬಂದಾಗ 'ಬನ್ನಿ ಸಾರ್, ಕೂತ್ಕೊಳ್ಳಿ ಸಾರ್' ಅಂತಿದ್ದೆ?"

"ಅದು ವ್ಯಾಪಾರ ಕಣೋ. ನಿಂಗೆ ಹೊಲಿದ್ರೆ ಹುಚ್ಚು."

"ಹಳದಿ ಅಂಗಿ ಇಲ್ದೋರನ್ನ ಸಂಘದವರು ಹತ್ರಾನೂ ಸೇರಿಸಲ್ವಂತೆ ಅಪ್ಪಾ."

"ಇನ್ನೂ ಒಳ್ಳೇದಾಯ್ತು ಬಿಡು!"

ಒಳಗಿನಿಂದ ಹೆಂಡತಿ ಕೂಗಿದಳು, "ಒಂದು ಹೊಲ್ಕೊಡ್ರೀ, ನಿಮ್ ಗಂಟೇನು ಹೋಗತ್ತೆ?"

"ಬಟ್ಟೆ ಮುಗೀತು," ಎಂದ ಟೇಪಣ್ಣ. ಮುಗಿದದ್ದು ನಿಜವೇ. ಉಳಿದದ್ದು ನೆಲದ ಮೇಲಿನ ಚೂರುಪಾರು ಮಾತ್ರ. ಮಗ ಮತ್ತೆ ಬಾಯಿ ಬಿಡಲಿಲ್ಲ. ಹುಡುಗನ ತಲೆಯಿಂದ ಭೂತ ಇಳಿಯಿತೆಂದು ಅಪ್ಪ ನಿರಾಳವಾದ.

ಭಾನುವಾರ ಬೆಳಗ್ಗೆ ಮಗ ಅತ್ತೆಯ ಮನೆಗೆಂದು ಹೊರಟ. ಮಧ್ಯಾಹ್ನ ಆಸ್ಪತ್ರೆಯಿಂದ ಪೊಲೀಸ್ ಅಧಿಕಾರಿಯ ಫೋನು ಬಂತು.

ಮಿಂಚು ಕಾರಿನಿಂದ ಇಳಿದು, ರಿಬ್ಬನ್ನು ಕತ್ತರಿಸಿ, ಕೈಬೀಸಿ ಹೋಗಲು ನಾಲ್ಕೇ ನಿಮಿಷ ಹಿಡಿದಿತ್ತು. ಆ ನಾಲ್ಕು ನಿಮಿಷದಲ್ಲಿ ಹಿಂದಿದ್ದವರು ಅವನನ್ನು ನೋಡಲು ತಳ್ಳಿದರು, ಮುಂದಿದ್ದವರು ಮೆಟ್ಟಿಲ ಮೇಲೆ ಬಿದ್ದರು. ಏಳು ಜನ ಏಳಲೇ ಇಲ್ಲ. ಏಳೂ ಜನ ಹಳದಿ ಅಂಗಿಯವರು.

"ಅಂಗಿಗಳಲ್ಲಿ ನಿಮ್ಮ ಅಂಗಡಿ ಲೇಬಲ್ ಇದೆ. ಸ್ವಲ್ಪ ಬನ್ನಿ," ಎಂದರು ಅಧಿಕಾರಿ.

ಟೇಪಣ್ಣ ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ಓಡಿ ಬಂದಳು. "ರೀ, ಇವನು ಫೋನ್ ಎತ್ತುತಾನೇ ಇಲ್ಲ. ಅತ್ತಿಗೇನ ಕೇಳ್ದೆ, ಅಲ್ಲಿಗೆ ಹೋಗೇ ಇಲ್ವಂತೆ."

"ಅವನತ್ರ ಹಳದಿ ಅಂಗಿ ಎಲ್ಲಿದೆಯೇ? ನಾನು ಹೊಲ್ದೇ ಇಲ್ವಲ್ಲ!" ಎಂದು ರೇಗಿದ. ದಾರಿಯುದ್ದಕ್ಕೂ ಅದನ್ನೇ ತನಗೆ ತಾನು ಹೇಳಿಕೊಂಡ. ನಾನು ಹೊಲಿದಿಲ್ಲ, ಅವನ ಹತ್ತಿರ ಇಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಹುಡುಗನೊಬ್ಬ ಅವನ ಕೈ ಹಿಡಿದ. "ಅಂಕಲ್, ಮಿಂಚು ನಮ್ ಕಡೆ ತಿರುಗಿ ಕೈ ಎತ್ತಿದ್ದು ಟೀವೀಲಿ ಬಂತಾ?" ಟೇಪಣ್ಣ ಕೈ ಬಿಡಿಸಿಕೊಂಡು ಒಳಗೆ ನಡೆದ.

ಮೊದಲು ಬಟ್ಟೆ ತೋರಿಸಿ, ಗುರುತು ಹತ್ತಿದ ಮೇಲೆ ಮುಖ ತೋರಿಸುವುದು ಅಲ್ಲಿಯ ಕ್ರಮ. ಇಲ್ಲಿ ಅದೇ ಎಡವಟ್ಟಾಗಿತ್ತು. ಒಂದೇ ಅಂಗಿಗೆ ಒಂಬತ್ತು ತಾಯಂದಿರು ಎದೆ ಬಡಿದುಕೊಂಡಿದ್ದರು.

ಮೇಜಿನ ಮೇಲೆ ಏಳು ಅಂಗಿಗಳಿದ್ದವು. ಟೇಪಣ್ಣ ಮೊದಲನೆಯದರ ಭುಜ ಮುಟ್ಟಿದ. "ಎಡಗಡೆ ಅರ್ಧ ಇಂಚು ಇಳಿಸಿದೀನಿ. ಇವನು ಸಿಲಿಂಡರ್ ಹೊರೋ ಹುಡುಗ."

ಎರಡನೆಯದು. "ತೋಳು ಇಪ್ಪತ್ತಾರು. ಪೇಪರ್ ಹಾಕೋ ಉದ್ದನೆಯವನು."

ಮೂರನೆಯದು. "ಹೊಟ್ಟೆ ಹತ್ರ ಒಂದಿಂಚು ಸಡಿಲ ಬಿಡಿ ಅಂದಿದ್ದ, ಬೇಕರಿಯವರ ತಮ್ಮ."

ಅವನು ಒಂದೊಂದು ಗುರುತು ಹೇಳಿದಾಗಲೂ ಹೊರಗೆ ಒಂದು ಗಂಟಲು ಹರಿಯುವಂತೆ ಕೂಗುತ್ತಿತ್ತು, ಉಳಿದವರು ಉಸಿರು ಬಿಡುತ್ತಿದ್ದರು. ಹಾಗೆಯೇ ಆರನೆಯದೂ ಮುಗಿಯಿತು.

ಏಳನೆಯದನ್ನು ಎತ್ತಿಕೊಂಡ. ಲೇಬಲ್ ಇರಲಿಲ್ಲ.

"ಇದು ನಂದಲ್ಲ ಸಾರ್." ದನಿಗೆ ಜೀವ ಬಂತು. "ಕಾಲರ್ ನೋಡಿ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಯಾವನೋ ಅರೆಬರೆ ಕಲ್ತೋನು. ನಮ್ ಅಂಗಡೀಲಿ ಹೀಗೆ ಹೊಲಿದ್ರೆ ಕೈ ಮುರೀತೀನಿ."

"ಸರಿಯಾಗಿ ನೋಡಿ ಹೇಳಿ."

ಬೆನ್ನು ತಿರುಗಿಸಿದ. ಬೆನ್ನಿಗೆ ಒಂದೇ ಬಟ್ಟೆಯಿರಲಿಲ್ಲ. ಅಂಗೈಯಗಲದ ಹಳದಿ ಚೂರುಗಳು, ಒಟ್ಟು ಹನ್ನೊಂದು. ಕಣ್ಣು ಮುಚ್ಚಿ ಸವರಿದರೆ ಜೋಡಿಸಿದ್ದೇ ತಿಳಿಯದಷ್ಟು ನುಣ್ಣಗೆ ಕೂಡಿಸಿದ್ದವು. ಟೇಪಣ್ಣನ ಬೆರಳು ನಿಧಾನವಾಯಿತು. ಮುಂಭಾಗಕ್ಕೆ ಬಂದ. ಎರಡೂ ಜೇಬು ಅಚ್ಚಿಗೆ ಹಾಕಿದಂತೆ ನೇರ, ಹೊಲಿಗೆಯ ಟಾಕು ಟಾಕೂ ಒಂದೇ ಅಳತೆ. ಜೇಬು ಅಷ್ಟು ಚೆಂದ ಕೂರಬೇಕಾದರೆ ಬಿಚ್ಚಿ ಬಿಚ್ಚಿ ಮೂವತ್ತು ಸಲ ಹೊಲಿಸಿರಬೇಕು, ಬೈದು ಬೈದು ಹೊಲಿಸಿರಬೇಕು. ಜೇಬು ಇಷ್ಟು ಬಲ್ಲವನಿಗೆ ಕಾಲರ್ ಮಾತ್ರ ಬಾರದೆ ಹೋಗುವುದು ಎಲ್ಲಿ? ಕಾಲರನ್ನು ಕಟ್ಟಕಡೆಗೆ ಕಲಿಸುವ ಅಂಗಡಿ ಊರಿಗೆಲ್ಲ ಒಂದೇ ಇತ್ತು.

"ಯಾರು ಹೊಲಿದಿದ್ದು, ಗೊತ್ತಾಯ್ತಾ?" ಅಧಿಕಾರಿ ಪೆನ್ನು ತೆರೆದು ಕಾದರು.

ಟೇಪಣ್ಣ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ನೋಡಿದ. ಅದು ಕೂರಲಿಲ್ಲ. ಮತ್ತೆ ಒತ್ತಿದ.

"ಇದೊಂದು ಹೇಳ್ಕೊಟ್ಟಿರ್ಲಿಲ್ಲ ಸಾರ್. ಮುಂದಿನ ತಿಂಗಳು ಅಂದಿದ್ದೆ."

"ಯಾರಿಗೆ?"

ಟೇಪಣ್ಣ ತಲೆಯೆತ್ತಲಿಲ್ಲ. "ಇಲ್ಲಿ ಸೂಜಿ ದಾರ ಸಿಗತ್ತಾ ಸಾರ್? ಅವನಮ್ಮ ಬರ್ತಾಳೆ. ಅಷ್ಟರೊಳಗೆ ಬಿಚ್ಚಿ ಸರಿಯಾಗಿ ಹೊಲ್ದುಬಿಡ್ತೀನಿ."